ಗೆದ್ದವರ ಎಲೆ

ಅವರ ಬಲಗಿವಿ ಎಡಗಿವಿಗಿಂತ ಒಂದು ಬೆರಳು ಮುಂದಕ್ಕೆ ಬಾಗಿತ್ತು. ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಕಂಟ್ರೋಲರ್ ಆಗಿದ್ದು ಪೆನ್ಸಿಲ್ ಸಿಕ್ಕಿಸಿಕೊಂಡ ಕಿವಿ ಅದು. ರಿಟೈರಾದ ಮೇಲೆ ಬರೆಯುವುದೇನೂ ಉಳಿಯದಿದ್ದರೂ ಪೆನ್ಸಿಲ್ ಮಾತ್ರ ಅಲ್ಲಿಂದ ಇಳಿಯಲಿಲ್ಲ. ಊರಿಗೆಲ್ಲ ಅವರು ಕಂಟ್ರೋಲರೇ. ನನಗೂ ಅಷ್ಟೇ.

ಗಂಡ ತೀರಿಹೋದ ಎರಡನೇ ವರ್ಷ ನಾನು ಹೊಳಲ್ಕೆರೆಯಿಂದ ವರ್ಗವಾಗಿ ಇಲ್ಲಿನ ಸರ್ಕಾರಿ ಆಸ್ಪತ್ರೆಗೆ ನರ್ಸಾಗಿ ಬಂದೆ. ಬಾಡಿಗೆ ಮನೆ ಸಿಕ್ಕಿದ್ದು ಅವರ ಮನೆಯ ಪಕ್ಕದಲ್ಲೇ. ಆಗ ನನಗೆ ಯಾರ ಜೊತೆಗೂ ಮಾತು ಬೇಕಿರಲಿಲ್ಲ. ಡ್ಯೂಟಿ ಮುಗಿಸಿ ಬಂದು ಬಾಗಿಲು ಹಾಕಿಕೊಂಡರೆ ಮುಗಿಯಿತು. ಒಂದು ಭಾನುವಾರ ಮಧ್ಯಾಹ್ನ ಕಂಟ್ರೋಲರ ಹೆಂಡತಿಗೆ ಇಂಜೆಕ್ಷನ್ ಕೊಡಲು ಹೋದೆ. ಅವರನ್ನು ನಾನು ಅಕ್ಕ ಅನ್ನುತ್ತಿದ್ದೆ. ಪಡಸಾಲೆಯ ಚಾಪೆಗಳ ಮೇಲೆ ಏಳು ಜನ ಗಂಡಸರು ಇಸ್ಪೀಟು ಹಿಡಿದು ಕೂತಿದ್ದರು. ಎಂಟನೆಯವರಿಗೆ ಧರ್ಮಪುರಕ್ಕೆ ವರ್ಗವಾಗಿ ಒಂದು ಜಾಗ ಖಾಲಿಯಿತ್ತು.

"ಕುಂತ್ಕಳ್ರಿ ಸಿಸ್ಟರಮ್ಮ," ಅಂದರು ಕಂಟ್ರೋಲರು.

ಗೊಬ್ಬರದಂಗಡಿ ಸಾಹುಕಾರರು ಮುಖ ಸಿಂಡರಿಸಿದರು. "ಹೆಂಗಸ್ರು ಇಸ್ಪೀಟಾಡದಾ?"

"ಬಸ್ಸಿನಾಗೆ ಹೆಂಗಸ್ರಿಗೆ ಸೀಟು ಬಿಡ್ರಿ ಅಂತ ಮೂವತ್ತು ವರ್ಷ ಕೂಗೀನಿ. ನಮ್ಮನೇಗೆ ಬಂದೋರಿಗೆ ಇಲ್ಲ ಅನ್ಲಾ?"

ಹಾಗೆ ನಾನು ಕೂತೆ. ಹನ್ನೊಂದು ವರ್ಷ ಏಳಲಿಲ್ಲ.

ಆಟ ಇಪ್ಪತ್ತೆಂಟು. ಅದರಲ್ಲಿ ರಾಜ, ರಾಣಿಯರಿಗೆ ಬೆಲೆಯಿಲ್ಲ. ಗುಲಾಮನೇ ಎಲ್ಲರಿಗಿಂತ ದೊಡ್ಡವನು, ಅವನ ಕೆಳಗೆ ಒಂಬತ್ತು. ದೀಪಾವಳಿಗೆ ಶುರುವಾದರೆ ಯುಗಾದಿಯವರೆಗೆ ಭಾನುವಾರ ಭಾನುವಾರ ನಡೆಯುತ್ತಿತ್ತು. ಅದಕ್ಕೆ ಸೀಸನ್ ಅಂತ ಹೆಸರು. ನಾಲ್ಕು ಜೋಡಿ, ಒಮ್ಮೆ ಜೋಡಿ ಕಟ್ಟಿದರೆ ಜಗಳವಾಡಿದರೂ ಯುಗಾದಿಯವರೆಗೆ ಬಿಡುವಂತಿಲ್ಲ. ತಡವಾಗಿ ಬಂದವರಿಗೆ "ನಿಮ್ ಬಸ್ಸು ಹೋತು" ಅಂದು ಕಾಫಿ ಕೊಟ್ಟು ಸುಮ್ಮನೆ ಕೂರಿಸುತ್ತಿದ್ದರು. ದುಡ್ಡಿನ ಆಟವನ್ನು ಮಾತ್ರ ಅವರು ಹೊಸಿಲು ದಾಟಿ ಒಳಗೆ ಬಿಡಲಿಲ್ಲ. ಯುಗಾದಿಗೆ ಮುಂಚಿನ ಭಾನುವಾರ ಬೆಳಿಗ್ಗೆ ಕೊನೆಯ ಆಟ, ಆಮೇಲೆ ಹೋಳಿಗೆ ಊಟ. ಗೆದ್ದ ಜೋಡಿ ಮೊದಲು ಎಲೆ ಮುಂದೆ ಕೂರಬೇಕು, ಸೋತ ಆರು ಜನ ಹೆಗಲಿಗೆ ಟವೆಲ್ ಹಾಕಿಕೊಂಡು ಬಡಿಸಬೇಕು.

ಕಂಟ್ರೋಲರು ಒಂದು ಸಲವೂ ಆ ಎಲೆಯ ಮುಂದೆ ಕೂತವರಲ್ಲ. ಆಟ ಬರದೆ ಅಲ್ಲ. ಯಾರ ಕೈಯಲ್ಲಿ ಯಾವ ಎಲೆ ಉಳಿದಿದೆ ಎಂದು ಅವರ ಹಾಗೆ ಲೆಕ್ಕ ಇಡುವವರು ಊರಲ್ಲೇ ಇರಲಿಲ್ಲ. ಆದರೆ ಜೋಡಿ ಕಟ್ಟುವಾಗ ಆಟ ಬಾರದವರನ್ನು ತಾವೇ ಇಟ್ಟುಕೊಳ್ಳುತ್ತಿದ್ದರು. ಹನ್ನೊಂದು ವರ್ಷವೂ ಅವರ ಜೋಡಿಯಾಗಿ ಎದುರಿಗೆ ಕೂತವಳು ನಾನು ಎಂದರೆ ನನ್ನ ಆಟ ಎಷ್ಟರದ್ದು ಎಂದು ತಿಳಿಯುತ್ತದೆ. ತಪ್ಪು ಎಲೆ ಇಳಿಸಿ ನಾಲಿಗೆ ಕಚ್ಚಿಕೊಂಡರೆ "ಆಗ್ಲಿ ಬಿಡ್ರಿ, ಮುಂದಿನ ಸೀಸನ್ ಐತೆ" ಅನ್ನುತ್ತಿದ್ದರು. ಗಂಡ ಹೋದಮೇಲೆ ನನ್ನ ಹತ್ತಿರ ಮುಂದಿನದು ಅಂತ ಮಾತಾಡಿದವರು ಅವರೊಬ್ಬರೇ.

ಹನ್ನೊಂದನೇ ಸೀಸನ್ನಿನಲ್ಲಿ ಅವರ ದನಿ ಒಡೆಯಿತು. ಅನ್ನ ನುಂಗುವಾಗ ಕುತ್ತಿಗೆ ಹಿಡಿದುಕೊಳ್ಳುತ್ತಿದ್ದರು. ದಾವಣಗೆರೆಗೆ ಪರೀಕ್ಷೆಗೆ ಕರೆದುಕೊಂಡು ಹೋದವಳು ನಾನೇ. ಗಂಟಲಿನ ಕ್ಯಾನ್ಸರು, ಕೈ ಮೀರಿದೆ ಎಂದು ಡಾಕ್ಟರು ನನಗೆ ಹೇಳಿದರು, ನಾನು ಅಕ್ಕನಿಗೆ ಹೇಳಿದೆ. ಅಕ್ಕ ಅಳಲಿಲ್ಲ. ನನ್ನ ಕೈ ಹಿಡಿದುಕೊಂಡು, "ಅವ್ರಿಗೆ ಮಾತ್ರ ಗೊತ್ತಾಗ್ಬಾರ್ದು ಕಣಮ್ಮ, ಗೊತ್ತಾದ್ರೆ ಇವತ್ತೇ ಮಲಗಿಬಿಡ್ತಾರೆ," ಎಂದು ಭಾಷೆ ತೆಗೆದುಕೊಂಡರು. ಹುಣ್ಣು, ಮಾತ್ರೆಗೆ ಮಾಯುತ್ತದೆ ಎಂದು ಅವರಿಗೆ ಹೇಳಿದೆವು. ತಲೆಯಾಡಿಸಿ ಮಾತ್ರೆ ನುಂಗಿದರು.

ಆಮೇಲೆ ನಾನೊಂದು ಬುದ್ಧಿಗೇಡಿ ಕೆಲಸ ಮಾಡಿದೆ. ಒಂದು ಸಲವಾದರೂ ಅವರು ಗೆದ್ದವರ ಎಲೆಯಲ್ಲಿ ಉಣ್ಣಲಿ ಎಂದು ಆಸೆಪಟ್ಟು ಉಳಿದ ಆರು ಜನರ ಬಳಿಗೂ ಹೋಗಿ, ಬೇಕೆಂದೇ ಸೋತುಕೊಡಿ ಎಂದು ಕೇಳಿಕೊಂಡೆ. ಯಾರೂ ಯಾಕೆ ಅನ್ನಲಿಲ್ಲ. ಸಾಹುಕಾರರು ತಕ್ಕಡಿ ನೋಡುತ್ತಾ, "ಆತು ಸಿಸ್ಟರ್," ಅಂದರು. ಆಮೇಲೆ ಪ್ರತಿ ಭಾನುವಾರವೂ ನಾವೇ ಗೆದ್ದೆವು. ಅವರು ಮಗುವಿನಂತೆ ಖುಷಿಪಡುತ್ತಿದ್ದರು. ನಾನೂ ನನ್ನ ಜಾಣತನಕ್ಕೆ ಬೀಗಿದೆ.

ಕೊನೆಯ ದಿನ ನಮ್ಮ ಎದುರಾಳಿ ಸಾಹುಕಾರರ ಜೋಡಿ. ಕೊನೆಯ ಆಟದಲ್ಲಿ ತುರುಫು ಕಂಟ್ರೋಲರದ್ದು. ಅವರು ಧೈರ್ಯ ಮಾಡಿ ತುರುಫಿನ ಒಂಬತ್ತನ್ನು ಇಳಿಸಿದರು. ಅದನ್ನು ಹೊಡೆಯಬಲ್ಲವನು ಗುಲಾಮನೊಬ್ಬನೇ. ಸಾಹುಕಾರರು ಏಳನ್ನು ಎಸೆದರು. ಒಂಬತ್ತು ನಮ್ಮದಾಯಿತು, ಆಟವೂ ನಮ್ಮದಾಯಿತು. ಆದರೆ ಎಲೆಗಳೆಲ್ಲ ಮುಗಿಯಬೇಕಲ್ಲ. ಕೊನೆಯ ಸುತ್ತಿನಲ್ಲಿ ಸಾಹುಕಾರರ ಕೈಯಿಂದ ಬಿದ್ದದ್ದು ತುರುಫಿನ ಗುಲಾಮ.

ಕಂಟ್ರೋಲರು ಆ ಎಲೆಯನ್ನು ನೋಡಿದರು. ಸಾಹುಕಾರರನ್ನು ನೋಡಿದರು. ಸಾಹುಕಾರರು ತಲೆ ತಗ್ಗಿಸಿದರು. ಗುಲಾಮನನ್ನು ಕೈಲಿಟ್ಟುಕೊಂಡು ಒಂಬತ್ತನ್ನು ಬಿಡುವಷ್ಟು ದಡ್ಡ ಆಟಗಾರ ಆ ಪಡಸಾಲೆಯಲ್ಲಿ ನಾನೊಬ್ಬಳೇ. ಆಮೇಲೆ ಕಂಟ್ರೋಲರು ನನ್ನ ಕಡೆ ತಿರುಗಿದರು. ಅಕ್ಕ ಅಡುಗೆಮನೆಯಲ್ಲಿದ್ದರು.

"ಎಷ್ಟು ದಿನ ಅಂದ್ರು ಸಿಸ್ಟರಮ್ಮ, ಡಾಕ್ಟ್ರು?"

ಅಷ್ಟು ದಿನ ಮುಚ್ಚಿಟ್ಟದ್ದನ್ನು ನಾನೇ ಅವರ ಮುಂದೆ ಬಿಚ್ಚಿಟ್ಟಿದ್ದೆ. ಅವರೇ ಎಲೆಗಳನ್ನು ಒಟ್ಟುಮಾಡಿ ಜೋಡಿಸಿಟ್ಟರು.

"ಬೈಯಾಕಿಲ್ಲ. ನಿಮ್ಮ ಮನಸ್ಸು ಗೊತ್ತು ನಂಗೆ. ನಂಗೆ ಗೊತ್ತಾಗೈತೆ ಅಂತ ಅವಳಿಗೆ ಮಾತ್ರ ಹೇಳ್ಬ್ಯಾಡ್ರಿ. ಹೋಗಾಣ, ಊಟಕ್ಕೆ."

ನನ್ನ ಪಕ್ಕದಲ್ಲೇ ಕೂತರು. ಅಕ್ಕ ತಾವೇ ಬಂದು ಹೋಳಿಗೆ ಬಡಿಸಿ ತುಪ್ಪ ಸುರಿದರು, ಸಾಹುಕಾರರು ಟವೆಲ್ ಹಾಕಿಕೊಂಡು ನೀರು ತಂದರು. ಗಂಜಿಯೂ ಇಳಿಯದ ಗಂಟಲಲ್ಲಿ ಅವರು ಆ ಹೋಳಿಗೆಯನ್ನು ಸಣ್ಣ ಸಣ್ಣ ಚೂರು ಮಾಡಿ, ಒಂದೊಂದು ಚೂರಿಗೂ ನೀರು ಕುಡಿದು ಪೂರ್ತಿ ನುಂಗಿದರು. ನೋವು ನನಗೆ ಕಾಣುತ್ತಿತ್ತು. ನಡುವೆ ಹೆಂಡತಿಯ ಕಡೆ ನೋಡಿ, "ಕಡೆಗೂ ಗೆದ್ನಲ್ಲೇ," ಅಂದು ನಕ್ಕರು. ನಾನು ಎಲೆಯಿಂದ ತಲೆ ಎತ್ತಲಿಲ್ಲ.

ಶ್ರಾವಣಕ್ಕೆ ಮುಂಚೆಯೇ ಹೋದರು. ಪಡಸಾಲೆಯಲ್ಲಿ ಮತ್ತೆ ಯಾರೂ ಇಸ್ಪೀಟು ಕಲಸಲಿಲ್ಲ.

ನಾನೂ ಈಗ ರಿಟೈರಾಗಿ ಅದೇ ಓಣಿಯಲ್ಲೇ ಇದ್ದೇನೆ. ಅಕ್ಕನಿಗೆ ಕಣ್ಣು ಮಂಜಾಗಿದೆ. ಸಂಜೆ ಹೋಗಿ ಪಕ್ಕದಲ್ಲಿ ಕೂತರೆ ಒಂದು ಮಾತು ತಪ್ಪದೆ ಬರುತ್ತದೆ: "ನಿನ್ನ ಪುಣ್ಯ ಕಣಮ್ಮ. ಅವ್ರಿಗೆ ಕೊನೇ ತನಕ ಏನೂ ಗೊತ್ತಾಗ್ಲಿಲ್ಲ. ಗೆದ್ದೆ ಅನ್ಕಂಡೇ ಹೋದ್ರು."

"ಹೂಂ ಅಕ್ಕ," ಅನ್ನುತ್ತೇನೆ.