ಅವ್ವನ ಅರ್ಜಿ ಕಾಣೆಯಾದ ಮಧ್ಯಾಹ್ನ

ಯಾವಗಲ್ ಎಂಬ ಹಳ್ಳಿಯ ನಮಗೆ ಕಂಪ್ಯೂಟರ್ ನೋಡಬೇಕೆಂದರೆ ಬಸ್ಸು ಹತ್ತಬೇಕಾಗಿದ್ದ ದಿನಗಳವು. ನಾನು ರೋಣದ ಸಾಲೆಯಲ್ಲಿ ಎಂಟನೇ ತರಗತಿ ಓದುತ್ತಿದ್ದೆ. ಅಲ್ಲಿನ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕು. ಒಳಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ. ವಾರಕ್ಕೊಮ್ಮೆ ಸಿಗುವ ಅರ್ಧ ತಾಸಿನಲ್ಲಿ ನಾನು ಕಲಿತದ್ದು ಪರದೆಯ ಮೇಲಿನ ನೀಲಿ ಗುರುತು ಒತ್ತಿ ಇಂಟರ್ನೆಟ್ ತೆರೆಯುವುದೊಂದೇ. ಮನೆಯಲ್ಲಿ ಮಾತ್ರ ಎಲ್ಲ ಬರುತ್ತದೆ ಎಂದು ಕೊಚ್ಚಿಕೊಂಡಿದ್ದೆ.

ಮದುವೆಯಾಗಿ ಒಂಬತ್ತನೇ ತರಗತಿಗೇ ಸಾಲೆ ಬಿಟ್ಟಿದ್ದ ಅವ್ವ ಆ ವರ್ಷ ಹತ್ತನೆಯ ಪರೀಕ್ಷೆಗೆ ಹೊರಗಿನಿಂದ ಕೂಡುತ್ತೇನೆಂದಳು. ಅಪ್ಪ ನಗಲಿಲ್ಲ.

"ಬರಿ. ಪಾಸಾದ್ರ ಓಣಿಗೆಲ್ಲಾ ಪೇಡೆ ಹಂಚ್ತೀನಿ," ಎಂದ.

ಅರ್ಜಿಯನ್ನು ಇಂಟರ್ನೆಟ್ಟಿನಲ್ಲೇ ತುಂಬಬೇಕಿತ್ತು. ಕೊನೆಯ ದಿನ ಶನಿವಾರ.

"ನಾ ತುಂಬ್ತೀನವ್ವಾ, ಹೆದರಬ್ಯಾಡ," ಎಂದೆ.

ಶನಿವಾರ ಮುಂಜಾನೆಯ ಸಾಲೆ ಬಿಡುವ ಹೊತ್ತಿಗೆ ಅವ್ವ ಇಳಕಲ್ ಸೀರೆಯುಟ್ಟು, ಕಾಗದಪತ್ರಗಳ ಚೀಲ ಎದೆಗವಚಿಕೊಂಡು ಬಂದಳು. "ಬರ್ರಿ ಅಕ್ಕಾ, ಕುಂದರ್ರಿ," ಎಂದು ಕಂಪ್ಯೂಟರ್ ಕಲಿಸುವ ಅಕ್ಕೋರು ಯಂತ್ರ ಚಾಲೂ ಮಾಡಿಕೊಟ್ಟರು. ಪರದೆಯನ್ನು ಮೂಲೆಯಿಂದ ಮೂಲೆಗೆ ಹುಡುಕಿದೆ. ನನ್ನ ನೀಲಿ ಗುರುತೇ ಇರಲಿಲ್ಲ!

"ಮೊನ್ನೆ ಹೊಸಾ ಬ್ರೌಸರ್ ಹಾಕ್ಯಾರ. ನನಗೂ ಇನ್ನಾ ರೂಢಿಲ್ಲ. ಒತ್ತಿ ನೋಡು, ಏನೂ ಒಡಿಯೂದಿಲ್ಲ," ಎಂದು ಅಕ್ಕೋರು ಮೀಟಿಂಗಿಗೆ ಹೋಗಿಬಿಟ್ಟರು.

ಇದ್ದದ್ದು ಒಂದೇ ಕುರ್ಚಿ. ಇಬ್ಬರೂ ಅದರಲ್ಲೇ ಒತ್ತಿಕೊಂಡು ಕೂತೆವು. ವಿಳಾಸ ಎಲ್ಲಿ ಬರೆಯಬೇಕೆಂದೇ ನನಗೆ ತಿಳಿಯಲಿಲ್ಲ. ಮೇಲಿನ ಉದ್ದನೆಯ ಬಿಳಿ ಪಟ್ಟಿಯಲ್ಲಿ ಹೊಡೆದು ನೋಡಿದೆ, ಅರ್ಜಿ ತೆರೆಯಿತು. ಅಕ್ಷರಗಳು ಸಾಸಿವೆಯಷ್ಟು ಸಣ್ಣ. ಮೂಲೆಯ ಮೂರು ಚುಕ್ಕಿ ಒತ್ತಿದರೆ ಒಂದು ಪಟ್ಟಿ ಇಳಿಯಿತು. ಅದರಲ್ಲಿ ಕೂಡಿಸುವ ಚಿಹ್ನೆ ಕಂಡು ಒತ್ತುತ್ತಾ ಹೋದೆ. ಅಕ್ಷರಗಳು ಉಬ್ಬತೊಡಗಿದವು.

"ಅಬಬಾ! ಸಾಕ ಬಿಡ, ಗ್ವಾಡಿಗೆ ಬರಿಯೂ ಅಕ್ಷರ ಆದುವು!" ಎಂದು ಅವ್ವ ನಕ್ಕಳು. "ಸರಿ, ನನ್ನ ಹೆಸರು ನಾನ ಹೊಡಿತೀನಿ."

ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ ಹೊಡೆದಳು. ಹೆಸರು, ಊರು, ಹುಟ್ಟಿದ ದಿನ ಮುಗಿಯಲು ಅರ್ಧ ತಾಸೇ ಹಿಡಿಯಿತು. ಕೆಳಗೆ 'ಸೂಚನೆಗಳು' ಎಂದು ಬರೆದದ್ದರ ಮೇಲೆ ನಾನು ಒತ್ತಿದ್ದೇ ತಡ, ಅರ್ಜಿ ಮಾಯವಾಗಿ ಬೇರೇನೋ ಬಂತು. ಹಿಂದಕ್ಕೆ ಹೋಗುವ ಬಾಣ ಮಂಕಾಗಿತ್ತು. ಎಷ್ಟು ಒತ್ತಿದರೂ ಅಲುಗಲಿಲ್ಲ.

"ಹೋತೇನು? ಎಲ್ಲಾ ಹೋತೇನು?" ಎಂದು ಅವ್ವ ಪರದೆಗೆ ಬಾಗಿದಳು.

ನನಗೆ ಅಳುವೇ ಬಂತು. ಅಕ್ಕೋರನ್ನು ಕರೆಯಲು ಏಳುವಾಗ ಅವ್ವ ರಟ್ಟೆ ಹಿಡಿದು ಕೂರಿಸಿದಳು. "ತಡಿ. ಏನೂ ಒಡಿಯೂದಿಲ್ಲ ಅಂದಾರಲ್ಲ, ನೋಡೂಣು."

ಅಕ್ಕಿಯಲ್ಲಿ ಹರಳು ಹುಡುಕುವಂತೆ ಪರದೆಯನ್ನು ಮೇಲಿಂದ ಕೆಳಗೆ ನೋಡುತ್ತಾ ಬಂದಳು.

"ಇಲ್ನೋಡ, ಮ್ಯಾಲ ಎರಡು ಚೀಟಿ ಅದಾವು. ಮೊದಲ ಒಂದ ಇತ್ತಲ್ಲ?"

ಚೀಟಿ ಎಂದಳಲ್ಲ, ಅವು ಪರದೆಯ ನೆತ್ತಿಯಲ್ಲಿದ್ದ ಟ್ಯಾಬುಗಳು. ಹಳೆಯದನ್ನು ಅವಳೇ ಒತ್ತಿದಳು. ಅವಳ ಹೆಸರು, ಊರು, ಹುಟ್ಟಿದ ದಿನ, ಎಲ್ಲವೂ ಇದ್ದಂತೆಯೇ ಇದ್ದವು!

"ಖೋಡಿ! ರೊಟ್ಟಿ ಮ್ಯಾಲ ರೊಟ್ಟಿ ಇಟ್ಟಂಗ ಇಟಗೊಂಡೈತಿ!" ಎಂದು ನನ್ನ ಬೆನ್ನಿಗೆ ಗುದ್ದಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅರ್ಜಿ ಕಳಿಸಿದ ಮೇಲೂ ನಾವು ಏಳಲಿಲ್ಲ. ಹೊಸ ಚೀಟಿ ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ಕುಂಟಾಬಿಲ್ಲೆಯಲ್ಲೂ ನನಗೆ ಅಷ್ಟು ಖುಷಿ ಸಿಕ್ಕಿರಲಿಲ್ಲ. ಮೀಟಿಂಗ್ ಮುಗಿಸಿ ಬಂದ ಅಕ್ಕೋರಿಗೆ ಅವ್ವನೇ ಅದನ್ನೆಲ್ಲ ತೋರಿಸಿಕೊಟ್ಟಳು. ಬಸ್‌ಸ್ಟ್ಯಾಂಡಿನಲ್ಲಿ ಗಿರ್ಮಿಟ್ ತಿನ್ನುವಾಗಲೂ ಅಕ್ಕೋರು ತೆಗೆದುಕೊಟ್ಟ ಅರ್ಜಿಯ ಪ್ರಿಂಟನ್ನು ನನ್ನ ಕೈಗೆ ಕೊಡಲಿಲ್ಲ, ಎಣ್ಣೆ ಹತ್ತುತ್ತದೆಂದು.

ಅವ್ವ ಪಾಸಾದಳು, ಗಣಿತದಲ್ಲಿ ಹೇಗೋ ದಂಡೆ ಮುಟ್ಟಿ. ಅಪ್ಪ ಎರಡು ಓಣಿಗೆ ಪೇಡೆ ಹಂಚಿದ.

ಈಗ ನಾನು ಗಜೇಂದ್ರಗಡದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಒಬ್ಬೊಬ್ಬರಿಗೆ ಒಂದೊಂದು ಕುರ್ಚಿ. ಅವ್ವ ಅಂಗೈಯಗಲದ ಫೋನಿನಲ್ಲೇ ಕರೆಂಟ್ ಬಿಲ್ಲು, ಬಸ್ಸಿನ ಹೊತ್ತು ಎಲ್ಲ ನೋಡಿಕೊಳ್ಳುತ್ತಾಳೆ. ನನ್ನನ್ನು ಏನೂ ಕೇಳುವುದಿಲ್ಲ. ಅದು ನನಗೆ ಹೆಮ್ಮೆಯೇ. ಆದರೂ ಊರಿಗೆ ಹೋದಾಗ ಕಟ್ಟೆಯ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು, ಇಬ್ಬರೂ ನಮ್ಮ ನಮ್ಮ ಫೋನಿನಲ್ಲಿ ಮುಳುಗಿರುವಾಗ, ಅವಳ ಫೋನು ಒಮ್ಮೆಯಾದರೂ ಕೈಕೊಡಲಿ ಎಂದು ಮನಸ್ಸು ಬೇಡುತ್ತದೆ.