ನನ್ನ ಬಯಕೆಗೆ ಕೊಯ್ದ ಕುರಿ

ಮದುವೆಯಾಗಿ ಮರಾಠಿ ಸೀಮೆಯ ಗಡಿಯ ಉಟಗಿ ಕಡೆಯ ಒಂದು ಕುರಿ ಸಾಕುವ ಮನೆಗೆ ಬಂದಾಗ ನನಗೆ ಹದಿನಾರು ತುಂಬಿತ್ತು. ಆ ಮನೆಯಲ್ಲಿ ನನ್ನ ಜೊತೆ ಬಾಯಿಬಿಟ್ಟು ಮಾತಾಡುತ್ತಿದ್ದವಳು ನೆಗೆಣ್ಣಿ ಒಬ್ಬಳೇ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅವಳಿಗೆ ಮಕ್ಕಳಿರಲಿಲ್ಲ. ನಾನು ಬಸುರಿ ಎಂದು ಗೊತ್ತಾದಾಗ ನನಗಿಂತ ಹೆಚ್ಚು ಹಿಗ್ಗಿದವಳು ಅವಳೇ.

"ಏನ ತಿನಬೇಕ ಅನಸ್ತೈತಿ, ಹೇಳ ತಂಗಿ" ಎಂದು ದಿನಾ ಕೇಳುತ್ತಿದ್ದಳು. ಒಂದು ದಿನ ನಾಚಿಕೊಂಡು, "ಖಂಡದ ಸಾರು" ಎಂದೆ.

ಕೇಳಬಾರದಿತ್ತು. ಕೊಟ್ಟಿಗೆ ತುಂಬ ಕುರಿ ಇದ್ದರೂ ಜೀವಂತ ಕುರಿಯನ್ನು ಕೊಯ್ಯುತ್ತಿದ್ದುದು ವರ್ಷಕ್ಕೊಮ್ಮೆ, ಅದೂ ದೇವರಿಗೆ. ಉಳಿದ ದಿನ ಖಂಡ ಸಿಕ್ಕರೆ ಅದು ತಾನಾಗಿ ಸತ್ತ ಕುರಿಯದ್ದೇ.

ಆ ವರ್ಷ ಮುಂಗಾರಿನ ಮೊದಲಿಗೆ ಬರುವ ಮಿರಗದ ಮಳೆ ಚಲೋ ಆಯಿತು. ಹಳ್ಳದ ದಂಡೆಯಲ್ಲಿ ಹುಲ್ಲು ಚಿಗುರಿತು, ಭಾವ ಕುರಿಗಳನ್ನು ಅಲ್ಲಿಗೆ ಹೊಡೆಯತೊಡಗಿದರು. ಎಂಟು ದಿನವಾಗಿರಲಿಲ್ಲ, ಬೆಳಗ್ಗೆ ಎದ್ದು ನೋಡಿದರೆ ಒಂದು ಕುರಿ ಕಾಲು ಚಾಚಿ ಸತ್ತಿತ್ತು. ಹಿಂದಿನ ಸಂಜೆ ಚೆನ್ನಾಗಿ ಮೇದು ಬಂದಿದ್ದ ಕುರಿ. ಮೂಗಿನಿಂದ ಕಪ್ಪು ರಕ್ತ ತೆಳ್ಳಗೆ ಸೋರುತ್ತಿತ್ತು, ಹೆಪ್ಪುಗಟ್ಟಿರಲಿಲ್ಲ.

"ಹೂಳ್ರೆಪ್ಪಾ ಅದನ್ನ. ಇಂಥಾದನ್ನ ಕೊಯ್ಯಬ್ಯಾಡ್ರಿ ಅಂತ ಹೋದ ವರ್ಷ ದನದ ಡಾಕ್ಟರ ಹೇಳಿ ಹೋಗ್ಯಾನ" ಎಂದರು ಅತ್ತೆ.

"ತಂಗಿ ಬಾಯಿಬಿಟ್ಟು ಕೇಳ್ಯಾಳ್ರಿ. ಚಂದಂಗ ಕುದಿಸಿದ್ರ ಏನೂ ಆಗಂಗಿಲ್ಲ" ಎಂದಳು ಅಕ್ಕ.

ಭಾವ ಕೊಯ್ದರು. ಅಕ್ಕ ಕರುಳು ತೊಳೆಯಲು ಕೂತಳು. ತೊಳೆಯುವಾಗ ಒಂದು ಬಳೆ ಗಂಗಾಳಕ್ಕೆ ತಾಗಿ ಒಡೆದು ಮುಂಗೈಗೆ ಚುಚ್ಚಿತು. ಸೆರಗಿನಿಂದ ಒರೆಸಿಕೊಂಡು ಕೆಲಸ ಮುಂದುವರಿಸಿದಳು. ಮಧ್ಯಾಹ್ನ ನಾನು ಮೂರು ಸಲ ಸಾರು ಹಾಕಿಸಿಕೊಂಡು ಉಂಡೆ.

ಮೂರನೆಯ ದಿನ ಅವಳ ಮುಂಗೈ ಮೇಲೆ ಸೊಳ್ಳೆ ಕಚ್ಚಿದಂಥ ಗುಳ್ಳೆ ಎದ್ದಿತು. ಮರುದಿನ ಅದರಲ್ಲಿ ನೀರು ತುಂಬಿತು. ಆಮೇಲೆ ನಡುವೆ ಇದ್ದಲಿನಷ್ಟು ಕಪ್ಪಾಯಿತು.

"ನೋವೈತೇನಕ್ಕ?"

"ಇಲ್ಲ ಬಿಡ. ನೋವಿದ್ರ ಅಂಜಬೇಕು."

ಅತ್ತೆ ಬೇವು, ಅರಿಶಿನ ಅರೆದು ಹಚ್ಚಿದರು. ಕೈ ಮೊಣಕೈತನಕ ಬಾತಿತು, ನಂತರ ಭುಜದತನಕ. ಜ್ವರದಲ್ಲಿ ಮೈ ಕೆಂಡವಾಯಿತು. ಹಸಿರು ಬಳೆಗಳು ಮಾಂಸದೊಳಗೆ ಹೂತುಹೋದವು. ಒಡೆಯದೆ ಗತಿಯಿರಲಿಲ್ಲ. ಆದರೆ ಮುತ್ತೈದೆಯ ಬಳೆ ಒಡೆಯಲು ಅತ್ತೆ ಒಪ್ಪಲಿಲ್ಲ. ಕಡೆಗೆ ಭಾವನೇ ಹೆಂಡತಿಯ ಕೈ ತೊಡೆಯ ಮೇಲಿಟ್ಟುಕೊಂಡು ಸಣ್ಣ ಕಲ್ಲು ಹಿಡಿದರು.

"ನೀವು ಇರೂತನಕ ಒಡಿಬಾರದ್ರಿ" ಎಂದು ಅವಳು ಅತ್ತಳು. ಆ ಎಂಟು ದಿನದಲ್ಲಿ ಅತ್ತದ್ದು ಅದೊಂದೇ ಸಲ.

ಜತ್ತಿನ ದವಾಖಾನೆಗೆ ಒಯ್ಯಲು ಚಕ್ಕಡಿ ಕಟ್ಟಿದರು. ಹುಲ್ಲಿನ ಮೇಲೆ ಮಲಗಿಸುವಾಗ ನನ್ನನ್ನು ಹತ್ತಿರ ಕರೆದು ಕೇಳಿದಳು: "ಸಾರು ಚಲೋ ಆಗಿತ್ತಿಲ್ಲ?"

"ಭಾಳ ಚಲೋ ಆಗಿತ್ತಕ್ಕ" ಎಂದೆ.

ಡಾಕ್ಟರು ಕೈ ನೋಡಿದವರೇ, ಸತ್ತ ಕುರಿ ಕೊಯ್ದಿದ್ದಿರೇನು ಎಂದು ಮರಾಠಿಯಲ್ಲಿ ಕೇಳಿದರಂತೆ. ಸೂಜಿ ಚುಚ್ಚಿದರಂತೆ. ನಾಲ್ಕು ದಿನ ಮೊದಲೇ ತರಬೇಕಿತ್ತು ಎಂದರಂತೆ. ಮರುದಿನ ಮಧ್ಯಾಹ್ನ ಅದೇ ಚಕ್ಕಡಿಯಲ್ಲಿ ಅವಳ ಹೆಣ ತಂದರು.

ಉಂಡ ನನಗೆ ಏನೂ ಆಗಲಿಲ್ಲ. ಕೊಯ್ದ ಭಾವನಿಗೂ ಆಗಲಿಲ್ಲ. ಆ ರೋಗಕ್ಕೆ ನೆರಡಿ, ಡಾಕ್ಟರರ ಮಾತಿನಲ್ಲಿ ಆಂಥ್ರಾಕ್ಸ್, ಎನ್ನುತ್ತಾರೆ, ಗಾಯದ ಮೂಲಕ ರಕ್ತಕ್ಕಿಳಿಯುತ್ತದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅದು ಮಣ್ಣಿನಲ್ಲೇ ಉಳಿಯುತ್ತದಂತೆ. ಮುಂದಿನ ಮಳೆಗಾಲದಲ್ಲೂ ಎರಡು ಕುರಿ ಹಾಗೆಯೇ ಸತ್ತವು. ಅಣ್ಣತಮ್ಮಂದಿರು ಹೂಳಲು ಹೋದರು, ಮೊಣಕಾಲುದ್ದ ಅಗೆಯುವಷ್ಟರಲ್ಲಿ ಬಂಡೆ ಹತ್ತಿತು. ನಾಯಿಗಳು ಎಳೆದು ಹಾಕಿದವು.

ನನಗೆ ಹೆಣ್ಣು ಹುಟ್ಟಿತು. ಅಕ್ಕನ ಹೆಸರಿಡೋಣ ಎಂದು ಅತ್ತೆ ಹೇಳಿದಾಗ ಭಾವ ಬೇಡವೆಂದರು. ಅವರು ಮತ್ತೆ ಮದುವೆಯಾಗಲಿಲ್ಲ. ನಾನು ಅವರೆದುರು ಮಾತಾಡುವ ರೂಢಿಯೇ ಇರಲಿಲ್ಲ. ಆದರೂ ಒಂದು ದಿನ ಊಟಕ್ಕೆ ಬಡಿಸುವಾಗ ತಡೆಯಲಾರದೆ ಕೇಳಿಬಿಟ್ಟೆ:

"ನಾ ಕೇಳದಿದ್ರ ಅಕ್ಕ ಇರತಿದ್ಲಲ್ರಿ?"

ಅವರು ಅರ್ಧ ರೊಟ್ಟಿ ಹಾಗೇ ಬಿಟ್ಟು ಕೈ ತೊಳೆದು ಎದ್ದರು.