ಗುಳ್ಳೆಗಳು ಮೇಲೇಳುವ ತನಕ

ಕನ್ನಡಕದ ಅಂಗಡಿಯಲ್ಲಿ ಅವಳಷ್ಟು ತಾಳ್ಮೆಯವಳು ಇನ್ನೊಬ್ಬಳಿಲ್ಲ ಎಂದು ಗಿರಾಕಿಗಳೆಲ್ಲ ನಂಬಿದ್ದರು. ಕಣ್ಣು ತೋರಿಸಲು ಕೂತವರ ಮುಂದೆ ಒಂದೊಂದೇ ಗಾಜು ಇಳಿಸಿ, "ಇದ್ರಲ್ಲಿ ಚೆನ್ನಾಗಿ ಕಾಣುತ್ತಾ, ಅದ್ರಲ್ಲಾ?" ಎಂದು ಇಪ್ಪತ್ತು ಸಲವಾದರೂ ಕೇಳುವಳು. ಎರಡು ಗಾಜು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ದೇವರಿಗೂ ಗೊತ್ತಾಗುವುದಿಲ್ಲ ಎಂಬುದು ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠ. ಮೇಜಿನ ಕೆಳಗೆ ಅವಳ ಬಲಗಾಲು ದಿನವಿಡೀ ಕುಣಿಯುತ್ತಿದ್ದುದು ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ.

ಮನೆಗೆ ಬಂದರೆ ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳು. ಒಲೆಯ ಮೇಲೆ ಹಾಲಿಟ್ಟು ಬಟ್ಟೆ ಮಡಿಸಲು ಹೋಗುವಳು, ಅರ್ಧ ಮಡಿಸಿ ಗಿಡಕ್ಕೆ ನೀರು ಹಾಕುವಳು, ಹಾಲು ಉಕ್ಕುವುದು. ಇಂಥವಳನ್ನು ನಲವತ್ನಾಲ್ಕನೆಯ ವಯಸ್ಸಿನಲ್ಲಿ ಮೈದುನ ಒಂದು ಭಾನುವಾರ ಹಳೆಯ ಗೋದಾಮಿನ ಹಿಂದಿನ ಬಯಲಿಗೆ ಕರೆದೊಯ್ದ. ಅವನು ಲಾರಿ ಗ್ಯಾರೇಜಿನ ಮೆಕ್ಯಾನಿಕ್. ಮಣ್ಣಿನ ದಿಬ್ಬಗಳ ಮೇಲೆ ಬಗ್ಗಿಗಳು, ರಿಮೋಟಿನಿಂದ ಓಡಿಸುವ ಮೊಳದುದ್ದದ ಕಾರುಗಳು, ಹಾರುತ್ತಿದ್ದವು. ಅಲ್ಲಿ ನಿಂತಷ್ಟೂ ಹೊತ್ತು ತನ್ನ ಕಾಲು ಸುಮ್ಮನಿತ್ತೆಂದು ಅವಳಿಗೆ ಹೊಳೆದದ್ದು ಮನೆ ತಲುಪಿದ ಮೇಲೆ. ತಿಂಗಳೊಳಗೆ ಅವಳ ಬಳಿಯೂ ಒಂದು ಬಗ್ಗಿ ಬಂತು.

ಅದಾಗಿ ಎರಡು ವರ್ಷ. ಪಕ್ಕದ ಊರಿನ ದೊಡ್ಡ ಪಂದ್ಯಕ್ಕೆ ಬಯಲಿನಲ್ಲಿ ಬಗ್ಗಿ ಓಡಿಸುವವರ ಕೂಟದಿಂದ ಆರು ಜನ ಹೋಗಬೇಕಿತ್ತು. ಮೈದುನ ಸೇರಿ ಐವರು ಆಯ್ಕೆಯಾಗಿದ್ದರು. ಉಳಿದ ಒಂದು ಜಾಗಕ್ಕೆ ಭಾನುವಾರ ಎರಡು ಸುತ್ತು, ಎರಡರಲ್ಲಿ ಒಳ್ಳೆಯ ಸಮಯ ಯಾವುದೋ ಅದೇ ಲೆಕ್ಕ. ಆ ಜಾಗ ತನಗೇ ಬೇಕೆಂದು ಅವಳು ಯಾರಿಗೂ ಹೇಳಿರಲಿಲ್ಲ. ಯಾರಿಗೂ ಹೇಳದ್ದರಿಂದಲೇ ಎದೆಯೊಳಗೆ ಆ ಆಸೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಶನಿವಾರ ಸಂಜೆ ಊಟದ ಮೇಜಿನ ಮೇಲೆ ಹೊಸ ಸಾಮಾನು ಹರಡಿತು. ಅಲ್ಯೂಮಿನಿಯಮ್ಮಿನ ನಾಲ್ಕು ಶಾಕ್ ಅಬ್ಸಾರ್ಬರ್, ಗಟ್ಟಿ ಸ್ಪ್ರಿಂಗು, ಶಾಕ್‌ಗಳೊಳಗೆ ತುಂಬುವ ಮಂದ ಎಣ್ಣೆ.

"ಅತ್ತಿಗೆ, ಒಂದೊಂದಾಗಿ ಬದಲಿಸಿ," ಎಂದು ಮೈದುನ ಫೋನಿನಲ್ಲಿ ಹೇಳಿದ. "ಮೊದಲು ಶಾಕ್. ಓಡಿಸಿ ನೋಡಿ. ಆಮೇಲೆ ಸ್ಪ್ರಿಂಗ್."

"ನಂಗೇ ಪಾಠ ಹೇಳ್ತೀಯೇನೋ? ದಿನಾ ಅದೇ ಕೆಲಸ ನಂದು."

ಅಂದವಳೇ ಎಲ್ಲವನ್ನೂ ಒಂದೇ ಸಲಕ್ಕೆ ಬದಲಿಸಿದಳು. ಎಣ್ಣೆ ಹೊಯ್ದ ಮೇಲೆ ಶಾಕನ್ನು ನೆಟ್ಟಗೆ ನಿಲ್ಲಿಸಿ, ಒಳಗಿನ ಗಾಳಿಯ ಗುಳ್ಳೆಗಳೆಲ್ಲ ಮೇಲೆ ಬರುವ ತನಕ ಕಾಲು ಗಂಟೆ ಕಾಯಬೇಕು. ಅವಳು ಅಡುಗೆಮನೆಗೆ ಎರಡು ಸಲ ಹೋಗಿ ಬಂದಳು, ಕಿಟಕಿ ತೆಗೆದಳು, ಮುಚ್ಚಿದಳು. ಐದನೆಯ ನಿಮಿಷಕ್ಕೆ ನಾಲ್ಕರ ಮುಚ್ಚಳವನ್ನೂ ಬಿಗಿದುಬಿಟ್ಟಳು.

ಬೆಳಿಗ್ಗೆ ಅಭ್ಯಾಸದ ಓಟದಲ್ಲಿ ಬಗ್ಗಿ ಕಪ್ಪೆಯಾಯಿತು. ದೊಡ್ಡ ದಿಬ್ಬ ಹಾರಿ ಇಳಿದಾಗ ಒಮ್ಮೆ ಮೂಗು ಮಣ್ಣಿಗೆ ಹೊಡೆಯಿತು, ಇನ್ನೊಮ್ಮೆ ಬಾಲ ಕುಪ್ಪಳಿಸಿತು, ಮೂರನೆಯ ಸಲ ಅಂಗಾತ ಬಿದ್ದು ಚಕ್ರ ತಿರುಗಿಸುತ್ತ ಮಲಗಿತು.

"ಹೊಸ ಶಾಕ್ ಹಾಕಿದ್ರಾ, ಪುಟಿಯೋ ಚೆಂಡು ಹಾಕಿದ್ರಾ?" ಮೈದುನ ನಕ್ಕ.

"ಬಾಯಿ ಮುಚ್ಚು. ಸ್ಪ್ರಿಂಗ್ ಜಾಸ್ತಿ ಗಟ್ಟಿಯಾಯ್ತು. ಇಲ್ಲಾ ಎಣ್ಣೆ. ಇಲ್ಲಾ..." ಯಾವುದೆಂದು ಹೇಳಲು ಅವಳಿಗೆ ದಾರಿಯೇ ಇರಲಿಲ್ಲ.

ಮೈದುನ ಒಂದು ಶಾಕ್ ಬಿಚ್ಚಿ ಅವಳ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಒತ್ತಿದ. ಒಳಗಿಂದ ಪಿಚಿಪಿಚಿ ಸದ್ದು ಬಂತು.

"ಗಾಳಿ," ಎಂದ. "ಎಷ್ಟು ಹೊತ್ತು ನಿಲ್ಲಿಸಿದ್ರಿ?"

ಮೊದಲ ಸುತ್ತಿಗೆ ಹತ್ತು ನಿಮಿಷವಿತ್ತು. ಹೀಗೇ ಓಡಿಸಿದರೆ ಮತ್ತೆ ಮಗುಚುವುದು ಖಂಡಿತ. ಬಿಚ್ಚಿ ಸರಿಮಾಡಿದರೆ ಈ ಸುತ್ತು ಕೈಬಿಟ್ಟು ಹೋಗುತ್ತದೆ, ಉಳಿಯುವುದು ಒಂದೇ ಅವಕಾಶ. ಅವಳು ಸ್ಕ್ರೂಡ್ರೈವರ್ ಎತ್ತಿಕೊಂಡಳು. ಎಡಗೈ ತಾನಾಗಿ ಹಳೆಯ ಸ್ಪ್ರಿಂಗಿನ ಡಬ್ಬಿಯತ್ತ ಹೋಯಿತು. ಮೈದುನ ಅದನ್ನೆತ್ತಿ ಜೇಬಿಗೆ ಹಾಕಿಕೊಂಡ.

"ಕೊಡೋ ಅದನ್ನ!"

"ಕೊಡಲ್ಲ. ಗಾಳಿ ಮಾತ್ರ ತೆಗೀರಿ. ಅಣ್ಣನ ಆಣೆ, ಬೇರೆ ಏನೂ ಮುಟ್ಟಬೇಡಿ."

"ನಿಮ್ಮಣ್ಣ ಮನೇಲಿ ಹಾಯಾಗಿ ಮಲಗಿದಾರೆ. ಅವರ ಆಣೆ ಯಾಕೆ?"

ಮುಚ್ಚಳ ಬಿಚ್ಚಿದ ನಾಲ್ಕು ಶಾಕ್ ಸಾಲಾಗಿ ನಿಂತವು. ಅವಳು ಒಂದೊಂದರ ಪಿಸ್ಟನ್ ಕಡ್ಡಿಯನ್ನು ಮೆಲ್ಲಗೆ ಎಳೆದು ಬಿಟ್ಟು, ತೆರೆದ ಬಾಯಿಂದ ಒಳಗೆ ಇಣುಕಿದಳು. ತಳದಿಂದ ಸಾಸಿವೆಗಿಂತ ಸಣ್ಣ ಗುಳ್ಳೆಯೊಂದು ಹೊರಟು, ಮಂದ ಎಣ್ಣೆಯಲ್ಲಿ ದಾರಿ ಕೇಳಿಕೊಂಡು ಬರುವವರಂತೆ ಅಲ್ಲಲ್ಲಿ ನಿಂತು, ಮೇಲೆ ಬಂದು ಒಡೆಯಿತು. ಬೆನ್ನ ಹಿಂದೆ ಮೊದಲ ಸುತ್ತಿನ ಸೀಟಿ ಊದಿದರು. ಬಲಗಾಲು ಕುಣಿಯತೊಡಗಿತು. ಅವಳು ಅದನ್ನು ಎಡಗಾಲಿನಿಂದ ತುಳಿದು ಕೂತಳು. ಇನ್ನೊಂದು ಗುಳ್ಳೆ. ಬಯಲಿನಲ್ಲಿ ಯಾರೋ ಮಗುಚಿದರು, ಯಾರೋ ಚಪ್ಪಾಳೆ ತಟ್ಟಿದರು. ತಿರುಗಿ ನೋಡಲು ಕುತ್ತಿಗೆ ತವಕಿಸಿತು. ಗುಳ್ಳೆ ನಿಂತಿತೆಂದು ಮುಚ್ಚಳ ಎತ್ತಿಕೊಂಡಳು, ಅಷ್ಟರಲ್ಲಿ ಮತ್ತೊಂದು. ಮುಚ್ಚಳ ಕೆಳಗಿಟ್ಟಳು. ಕಾಲು ಗಂಟೆ ಅಷ್ಟು ಉದ್ದವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಎರಡನೆಯ ಸುತ್ತಿನಲ್ಲಿ ಬಗ್ಗಿ ಸರಿಹೋಗಿತ್ತು. ಆದರೆ ಅದನ್ನು ಅವಳು ನಂಬಲಿಲ್ಲ. ದಿಬ್ಬ ಬಂದಾಗಲೆಲ್ಲ ಬೆರಳು ತಾನೇ ಬ್ರೇಕು ಒತ್ತಿತು. ಮೂರು ಸಲ ಹಾಗೆ ಹೆದರಿ ದಾಟಿ, ನಾಲ್ಕನೆಯ ಸಲ ಕಣ್ಣು ಕಿರಿದು ಮಾಡಿ ಪೂರ್ತಿ ವೇಗದಲ್ಲಿ ನುಗ್ಗಿಸಿದಳು. ಬಗ್ಗಿ ಎದ್ದು, ಗಾಳಿಯಲ್ಲಿ ಒಂದು ಕ್ಷಣ ಯೋಚಿಸಿ, ಗೋಡೆಯಿಂದ ಬೆಕ್ಕು ಇಳಿದಂತೆ ನಾಲ್ಕೂ ಕಾಲಲ್ಲಿ ಇಳಿದು ಓಡಿತು. ಆಮೇಲೆ ಅವಳು ಎಲ್ಲೂ ಬ್ರೇಕು ಮುಟ್ಟಲಿಲ್ಲ.

ಆರನೆಯ ಜಾಗ ಕೂಟದಲ್ಲಿದ್ದ ಹಲ್ಲಿನ ಡಾಕ್ಟರೊಬ್ಬರಿಗೆ ಹೋಯಿತು. ಅವಳು ಒಂದೂವರೆ ಸೆಕೆಂಡ್ ಹಿಂದೆ.

ಮೈದುನ ಬಂದು ಅವಳ ಬಗ್ಗಿಯ ಚಕ್ರದ ಮಣ್ಣು ಒರೆಸತೊಡಗಿದ. ಅದು ಅವನ ಸ್ವಭಾವವಲ್ಲ.

"ಹೇಳೋ, ನುಂಗಬೇಡ."

"ಮೊದಲ ಮೂರು ಸಲ ದಿಬ್ಬದಲ್ಲಿ ಬ್ರೇಕು ಹಾಕಿದ್ರಲ್ಲ, ಅಲ್ಲೇ ಹೋಯ್ತು ಅತ್ತಿಗೆ. ಗಾಡಿ ತಪ್ಪಲ್ಲ."

"ಗೊತ್ತು," ಎಂದಳು. ಕೈ ಆಗಲೇ ಹೊಸ ಬ್ಯಾಟರಿ ಸಿಕ್ಕಿಸುತ್ತಿತ್ತು.

"ಎಲ್ಲ ಮುಗೀತಲ್ಲ, ಈಗೇನು?"

"ನಿಂಗೆ ಮುಗೀತು."

ಓಟದ ದಾರಿಗೆ ಅಂಚಾಗಿ ಹಾಸಿದ್ದ ಪೈಪುಗಳನ್ನು ಆಗಲೇ ಎತ್ತಿ ಸುತ್ತುತ್ತಿದ್ದರು. ಅವಳು ಬಗ್ಗಿಯನ್ನು ನೆಲಕ್ಕಿಟ್ಟು ರಿಮೋಟ್ ಹಿಡಿದಳು. ಅದು ಧೂಳೆಬ್ಬಿಸಿಕೊಂಡು ದೊಡ್ಡ ದಿಬ್ಬದ ಕಡೆಗೆ ನೇರ ನುಗ್ಗಿತು. ಪೈಪು ಹೊತ್ತವನು ಬೈಯುತ್ತಲೇ ಪಕ್ಕಕ್ಕೆ ಸರಿದು ದಾರಿ ಬಿಟ್ಟ.